ಘಾಟ್‌ಕೋಪರಿಗೆ ಹೋದ ಸರ್ಟಿಫಿಕೇಟುಗಳು

ಖಾಲಿ ಕೈಯಲ್ಲಿ ಎಲ್ಲಿಗಾದರೂ ಹೋಗುವುದೆಂದರೆ ನನಗೆ ವಿಪರೀತ ಸಂಕೋಚ. ಅಂಗಿಯ ಗುಂಡಿ ಹಾಕುವುದನ್ನು ಮರೆತು ಬೀದಿಗಿಳಿದ ಹಾಗೆ ಆಗುತ್ತದೆ. ಇದು ಹುಟ್ಟುಗುಣವೋ, ಕಸುಬು ಕಲಿಸಿದ್ದೋ ಹೇಳಲಾರೆ. ಕುಂದಾಪುರದ ಕಡೆಯಿಂದ ಬಂದವನು ನಾನು, ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಹೋಟೆಲೊಂದರಲ್ಲಿ ಮ್ಯಾನೇಜರ್. ನಮ್ಮಲ್ಲಿ ಐವತ್ತು ಮಂದಿಯ ಊಟದ ಆರ್ಡರ್ ಬಂದರೆ ಅರವತ್ತು ಮಂದಿಗೆ ಬೇಯಿಸುವುದು ರೂಢಿ. ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ, ಹೆಚ್ಚಾದರೆ ನಾವೇ ತಿಂದರಾಯಿತು. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಡಾಕ್ಟರಿಗೆಂದು ಬಿಸಿ ಮೆದುವಡೆಯ ಪಾರ್ಸೆಲ್ ಒಯ್ದಿದ್ದೆ. ಅವರು ಹಲ್ಲು ಕಿತ್ತು, ಇವತ್ತಿಡೀ ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದು ನನಗೆ ಹೇಳಿ, ನನ್ನೆದುರಿಗೇ ವಡೆ ತಿಂದರು.

ಹೀಗಿರುವವನ ಮಗಳಿಗೆ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂ ಬಂದರೆ ಏನಾಗಬೇಡ! ದೇಶಕ್ಕೆಲ್ಲ ಒಂದೇ ಪರೀಕ್ಷೆ ಬರುವ ಮುಂಚಿನ ಮಾತು; ಅಂಕಗಳ ಮೇಲೆ ಬಿಡದೆ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿಯೇ ಸೀಟು ಕೊಡುವ ಕಾಲೇಜೊಂದು ಆಗ ನವಿ ಮುಂಬಯಿಯಲ್ಲಿತ್ತು. ನಮ್ಮ ಶ್ರಾವ್ಯ ಎರಡನೆಯ ವರ್ಷವೂ ಪರೀಕ್ಷೆ ಬರೆದು, ಬೇರೆಲ್ಲ ಕಡೆ ಕೂದಲೆಳೆಯಲ್ಲಿ ಸೀಟು ಕಳೆದುಕೊಂಡಿದ್ದಳು. ಉಳಿದದ್ದು ಇದೊಂದೇ. ಇದೂ ಹೋದರೆ ಮತ್ತೊಂದು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಕು. 'ಅಬ್ ಔರ್ ನಹೀಂ ಹೋಗಾ ಪಪ್ಪಾ' ಎಂದು, ಇನ್ನು ತನ್ನ ಕೈಲಾಗದೆಂದು, ಅವಳು ಅಂದ ದಿನ ನಾನು ಊಟದ ತಟ್ಟೆ ಸರಿಸಿ ಎದ್ದುಬಿಟ್ಟೆ. ಅವಳು ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು, ಹೆಸರು ಕರೆದಾಗ ಇಲ್ಲದವರನ್ನು ಬಿಟ್ಟು ಮುಂದೆ ಹೋಗುತ್ತೇವೆ ಎಂದು ಕಾಲೇಜಿನವರು ತಿಳಿಸಿದ್ದರು. ತರಬೇಕಾದದ್ದು ಕರೆಪತ್ರ ಮತ್ತು ಒಂದು ಗುರುತಿನ ಚೀಟಿ, ಅಷ್ಟೇ. ನನಗೆ ಇದನ್ನು ನಂಬಲು ಆಗಲೇ ಇಲ್ಲ. ಡಾಕ್ಟರಾಗುವವಳಿಗೆ ಎರಡು ಕಾಗದ ಸಾಕೇ? ಗ್ಯಾಸ್ ಕನೆಕ್ಷನ್ ಪಡೆಯಲು ನಾನು ಇದಕ್ಕಿಂತ ಹೆಚ್ಚು ಒಯ್ದಿದ್ದೆ! ಹೋಟೆಲಿನ ಹೊರಗಿನ ಆರ್ಡರುಗಳಿಗೆ ಒಯ್ಯುವ ದೊಡ್ಡ ಕ್ಯಾನ್ವಾಸ್ ಚೀಲವನ್ನು ಮನೆಗೆ ತಂದೆ. ಬಾಲವಾಡಿಯಿಂದ ಹಿಡಿದು ಅವಳ ಎಲ್ಲ ಒರಿಜಿನಲ್ ಸರ್ಟಿಫಿಕೇಟುಗಳು, ಅವುಗಳ ಝೆರಾಕ್ಸ್, ಝೆರಾಕ್ಸಿನ ಝೆರಾಕ್ಸ್, ಇಲ್ಲಿಯ ನಿವಾಸಿಯೆಂಬ ಡೊಮಿಸೈಲು ಪತ್ರ, ಫೋಟೋಗಳು, ಅಂಟು, ಸ್ಟೇಪ್ಲರ್, ಛತ್ರಿ, ಚಿತ್ರಕಲಾ ಸ್ಪರ್ಧೆಯಲ್ಲಿ ಬಂದ ಸ್ಟೀಲಿನ ಲೋಟವೂ ಸೇರಿ ಅದರ ಹೊಟ್ಟೆಯೊಳಗೆ ಹೋದವು. ಲೋಟ ಯಾಕೆ ಎಂದು ಮಗಳು ಕೇಳಿದಳು. ಪ್ರತಿಭೆಗೆ ಸಾಕ್ಷಿ ಬೇಡವೇ ಎಂದೆ. ನನ್ನ ಹೆಂಡತಿ ಸುಜಾತಾ ಸೂಜಿ, ನೂಲು, ಪಿನ್ನುಗಳ ಪುಟ್ಟ ಡಬ್ಬಿ ಹಿಡಿದುಕೊಂಡು ಬಂದಳು.

'ಹ್ವಾಯ್, ಇದನ್ನೂ ಇಟ್ಕಣಿ. ಹೊರಗೆ ಹೋಪತ್ತಿಗೆ ಎಂತ ಆತ್ತೋ ಯಾರಿಗ್ ಗೊತ್ತ್?'

'ಇಂಟರ್‌ವ್ಯೂಗೆ ಹೋಗುವುದು ಮಾರಾಯ್ತಿ, ಆಪರೇಷನ್ನಿಗಲ್ಲ' ಎಂದು ನಾನು ನಗಾಡಿದೆ. ಆದರೂ ಇಟ್ಟುಕೊಂಡೆ. ಕೊನೆಗೆ ಬಾಳೆಹಣ್ಣಿನ ಬನ್ಸ್, ನಮ್ಮ ಹೋಟೆಲಿನ ಭಟ್ಟರು ಶ್ರಾವ್ಯಳಿಗೆಂದೇ ಮುಂಜಾನೆ ಎದ್ದು ಕರಿದುಕೊಟ್ಟದ್ದು, ಒಂದು ದೊಡ್ಡ ಡಬ್ಬಿ ತುಂಬ. ಶ್ರಾವ್ಯ ಕರೆಪತ್ರ ಮತ್ತು ಗುರುತಿನ ಚೀಟಿಯನ್ನು ತನ್ನ ಸಣ್ಣ ಪರ್ಸಿಗೆ ಹಾಕಿಕೊಂಡು, ಚೀಲದ ಕಡೆ ನೋಡಿ, 'ಪಪ್ಪಾ, ಹಮ್ ಶಿಫ್ಟ್ ಹೋ ರಹೇ ಹೈಂ ಕ್ಯಾ?' ಎಂದಳು. ಆತಂಕಕ್ಕೆ ಅವಳಿಗೆ ಬೆಳಗಿನ ತಿಂಡಿ ಸೇರಲಿಲ್ಲ.

ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ನವಿ ಮುಂಬಯಿಯ ಗಾಡಿ ಹಿಡಿಯಬೇಕು. ಈ ಊರಿನಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರೂ, ಅಪ್ಪ ಮಗಳು ಮಾತಿನ ಮಧ್ಯದಲ್ಲಿದ್ದರೂ, ಗಾಡಿ ಬಂದೊಡನೆ ಅವರವರ ಡಬ್ಬದ, ಅಂದರೆ ಬೋಗಿಯ, ಕಡೆ ಓಡುತ್ತಾರೆ. ಅವಳು ಲೇಡೀಸ್‌ಗೆ, ನಾನು ಜನರಲ್‌ಗೆ. ಬಟ್ಟೆ ಮುದುಡುತ್ತದೆ, ಚೀಲ ನನ್ನ ಹತ್ತಿರವೇ ಇರಲಿ, ಠಾಣೆಯಲ್ಲಿ ಬ್ರಿಜ್ಜಿನ ಕೆಳಗೆ ಸಿಗು ಎಂದು ಹೇಳಿದವನು ನಾನೇ. ಹೋಟೆಲು ಮನೆಯ ಹತ್ತಿರವಿರುವುದರಿಂದ ಬೆಳಗಿನ ಫಾಸ್ಟ್ ಲೋಕಲಿನ ವಿದ್ಯೆ ನನಗೆ ಒಲಿದಿಲ್ಲ. ಹತ್ತಿದ್ದು ನಾನಲ್ಲ, ಹಿಂದಿನವರು ಹತ್ತಿಸಿದರು. ಚೀಲ ನೋಡಿ ಯಾರೋ ಪುಣ್ಯಾತ್ಮರು 'ಲಾವೋ ಅಂಕಲ್' ಎಂದು ಕೈಚಾಚಿದರು. ಚೀಲ ಕೈಯಿಂದ ಕೈಗೆ ದಾಟಿ, ಆ ಕಡೆಯ ಕಿಟಕಿಯ ಮೇಲಿನ ಹಲಗೆ ಸೇರಿ ಕುಳಿತಿತು. ಅಲ್ಲಿ ತಾಳ ಬಾರಿಸುತ್ತ ಭಜನೆ ಮಾಡುವವರ ತಂಡವಿತ್ತು. ಸರ್ಟಿಫಿಕೇಟುಗಳಿಗೆ ಸತ್ಸಂಗವೂ ಆಯಿತಲ್ಲ ಎಂದು ನಾನು ನಿಶ್ಚಿಂತೆಯಿಂದ ನಿಂತೆ.

ಠಾಣೆ ಬಂದಾಗ ಇಳಿಯುವವರು ಆಗಲೇ ಬಾಗಿಲಿನಲ್ಲಿದ್ದರು, ನಾನು ಮಾತ್ರ ಚೀಲ ಚೀಲ ಎಂದು ಕೂಗುತ್ತ ತದ್ವಿರುದ್ಧ ದಿಕ್ಕಿಗೆ ನುಗ್ಗುತ್ತಿದ್ದೆ. ಭಜನೆ ಉತ್ತುಂಗದಲ್ಲಿತ್ತು, ನನ್ನ ಕೂಗನ್ನು ಅವರು ಭಕ್ತಿ ಎಂದುಕೊಂಡಿರಬೇಕು. ಚೀಲವನ್ನು ಬಿಟ್ಟಿದ್ದರೆ ಇಳಿಯಬಹುದಿತ್ತು. ಆದರೆ ಮಗಳ ಭವಿಷ್ಯವೆಲ್ಲ ಹಲಗೆಯ ಮೇಲಿದೆ ಎಂದು ನಂಬಿದವನು ಹೇಗೆ ಇಳಿದಾನು? ಹೊರಗಿನ ಜನ ಒಳಗೆ ತುಂಬಿದರು, ಗಾಡಿ ಹೊರಟಿತು. ಮಗಳು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವುದು ಕಿಟಕಿಯಲ್ಲಿ ಕಂಡಿತು. ಫಾಸ್ಟ್ ಗಾಡಿ, ಇನ್ನು ನಿಲ್ಲುವುದು ಘಾಟ್‌ಕೋಪರಿನಲ್ಲಿ ಎಂದು ಪಕ್ಕದವರು ಸಮಾಧಾನ ಹೇಳಿದರು.

ಫೋನ್ ಮಾಡಿದೆ. ಅತ್ತು ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು, 'ಆಪ್ ಆರಾಮ್ ಸೇ ಆವೋ ಪಪ್ಪಾ. ಮೈಂ ಜಾತೀ ಹೂಂ' ಎಂದಳು. ದನಿ ನಡುಗುತ್ತಿತ್ತು, ಆದರೆ ಹೊರಟಳು. ನನಗೋ, ಸೀಟು ಹೋಯಿತು, ಅದನ್ನು ಕಳೆದವನು ನಾನೇ ಎಂದು ಖಾತ್ರಿಯಾಯಿತು. ಘಾಟ್‌ಕೋಪರಿನಲ್ಲಿ ಭಜನೆಯವರೇ ಚೀಲವನ್ನೂ ನನ್ನನ್ನೂ ಇಳಿಸಿಕೊಟ್ಟರು. ವಾಪಸು ಠಾಣೆಗೆ ಬಂದು, ಅಲ್ಲಿಂದ ನವಿ ಮುಂಬಯಿಯ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಆ ಹೊತ್ತಿನಲ್ಲಿ ಎಷ್ಟು ತೆಂಗಿನಕಾಯಿ ಹೇಳಿಕೊಂಡೆನೆಂದು ನನಗೇ ನೆನಪಿಲ್ಲ.

ಕಾಲೇಜು ಮುಟ್ಟುವಾಗ ಅವಳು ಒಳಗೆ ಹೋಗಿಯಾಗಿತ್ತು. ಬಾಗಿಲ ಬಳಿಯ ಗುಮಾಸ್ತರೆದುರು ಚೀಲ ಬಿಚ್ಚಿ ಎಲ್ಲವನ್ನೂ ಹೊರಗೆಳೆಯತೊಡಗಿದೆ. ಅವರು ಸ್ಟೀಲಿನ ಲೋಟದವರೆಗೆ ತಾಳ್ಮೆಯಿಂದ ನೋಡಿ, ಇವತ್ತು ಇದ್ಯಾವುದೂ ಬೇಡ ಕಾಕಾ, ಸೀಟು ಸಿಕ್ಕಿದ ಮೇಲೆ ತನ್ನಿ, ಲೋಟವನ್ನು ಆಗಲೂ ತರಬೇಡಿ ಎಂದರು.

ಪೋಷಕರ ಕೋಣೆಯಲ್ಲಿ ಕುಸಿದು ಕುಳಿತೆ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಮಗಳ ಕುರ್ತಾದ ತೋಳನ್ನು ಹಿಡಿದುಕೊಂಡು ಪೇಚಾಡುತ್ತಿದ್ದಳು. ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡು ಹೊಲಿಗೆ ಬಿಟ್ಟುಹೋಗಿತ್ತು. ನಾನು ಫೋನಿನಲ್ಲಿ ಸುಜಾತಾಳ ಬೈಗುಳಕ್ಕೆ ಸಮಜಾಯಿಷಿ ಕೊಡುತ್ತಿದ್ದದ್ದು ಕಿವಿಗೆ ಬಿದ್ದು, ಆಕೆ ತಿರುಗಿ ಕೇಳಿದಳು.

'ನೀವು ಕನ್ನಡದವ್ರೇನ್ರೀ ಅಣ್ಣಾರ? ನಾವು ಕಲಬುರ್ಗಿ ಕಡೆಯವ್ರು, ಈಗ ಕೋಪರಖೈರಣ್ಯಾಗ ಇರ್ತೀವಿ. ಒಂದು ಪಿನ್ನರ ಅದ ಏನ್ರೀ ನಿಮ್ಮ ಹಂತ್ಯಾಕ?'

ಪಿನ್ನೇ? ನನ್ನಲ್ಲಿ ಸೂಜಿಯಿದೆ, ನೂಲಿದೆ, ಅದೂ ಆರು ಬಣ್ಣದ್ದು! ಆಕೆ ನಿಂತಲ್ಲೇ ತೋಳು ಹೊಲಿದಳು, ಮಗಳು ಒಳಗೆ ಓಡಿದಳು. ಸುದ್ದಿ ಹಬ್ಬಿತು. ಒಬ್ಬರಿಗೆ ಸ್ಟೇಪ್ಲರ್ ಬೇಕಿತ್ತು, ಇನ್ನೊಬ್ಬರಿಗೆ ಅಂಟು. ಬದಲಾಪುರದಿಂದ ಬಂದ ಅಪ್ಪನೊಬ್ಬ ನೀರು ಕುಡಿಯಲು ಲೋಟ ಕೇಳಿದಾಗಂತೂ ನಾನು ಪ್ರತಿಭೆಯ ಸಾಕ್ಷಿಯನ್ನು ತೆಗೆದು ಎತ್ತಿ ಕೊಟ್ಟೆ. ಹೋದ ಜೀವ ಬಂದಂತಾಯಿತು. ಅಷ್ಟೂ ಜನ ಅಪ್ಪ ಅಮ್ಮಂದಿರು ಹೆದರಿಕೆಯಲ್ಲಿ ಹಸಿದು ಕುಳಿತಿದ್ದಾರೆ, ನನ್ನ ಹತ್ತಿರ ಡಬ್ಬಿ ತುಂಬ ಬನ್ಸ್ ಇದೆ. ಹೋಟೆಲಿನವನು ಸುಮ್ಮನಿರಬೇಕೆಂದರೆ ಹೇಗೆ? ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಬಡಿಸುತ್ತ ಹೋದೆ. ಗುಮಾಸ್ತರೂ ಎರಡು ತೆಗೆದುಕೊಂಡರು.

ಅಷ್ಟರಲ್ಲಿ ಶ್ರಾವ್ಯ ಹೊರಗೆ ಬಂದಳು. ಮುಖದಲ್ಲಿ ನಗು. ಒಳಗೆ ಮೂವರು ಡಾಕ್ಟರುಗಳಿದ್ದರಂತೆ. ಎಲ್ಲರೂ ದಪ್ಪ ಫೈಲು ಹಿಡಿದು ಬರುತ್ತಿದ್ದಾರೆ, ನೀನೊಬ್ಬಳೇ ಬರಿಗೈಯಲ್ಲಿ ಯಾಕೆ ಎಂದು ಕೇಳಿದರಂತೆ. ಇವಳು, 'ಫೈಲ್ ಪಪ್ಪಾ ಕೇ ಪಾಸ್ ಹೈ, ಔರ್ ಪಪ್ಪಾ ಘಾಟ್‌ಕೋಪರ್ ಮೇಂ ಹೈಂ' ಅಂದಳಂತೆ. ಅವರಲ್ಲಿ ಹಿರಿಯರಾದ ಹೆಂಗಸು ಕಲ್ಯಾಣದಿಂದ ದಿನಾ ಇದೇ ಲೋಕಲಿನಲ್ಲಿ ಓಡಾಡುವವರು, ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ಆಮೇಲೆ ಇವಳ ಭಯ ಹೋಗಿ ಕೇಳಿದ್ದಕ್ಕೆಲ್ಲ ಸಲೀಸಾಗಿ ಉತ್ತರ ಹೇಳಿದಳಂತೆ. ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ನನ್ನ ಕೈ ಹಿಡಿದುಕೊಂಡೇ ರಸ್ತೆ ದಾಟಿದವಳು ಇವಳೇ ಹೌದೇ ಎನ್ನಿಸಿತು. ಇವಳಿಗೆ ಏನಾದರೂ ಕೊಡಬೇಕೆನ್ನಿಸಿ ಚೀಲದ ಮೇಲೆ ಕೈಯಿಟ್ಟೆ.

'ಪಪ್ಪಾ, ಬಹುತ್ ಭೂಖ್ ಲಗೀ ಹೈ. ಬನ್ಸ್ ದೋ ನಾ.'

ಡಬ್ಬಿ ತೆರೆದೆ. ತಳದಲ್ಲಿ ಎಣ್ಣೆ ಹೀರಿದ ಕಾಗದ ಮಾತ್ರ ಇತ್ತು. ಅಷ್ಟು ದೊಡ್ಡ ಚೀಲದಲ್ಲಿ ಆ ದಿನ ಅವಳು ಕೇಳಿದ್ದು ಅದೊಂದನ್ನೇ. ಕಲಬುರ್ಗಿಯ ತಾಯಿ ತನ್ನ ಕೈಯಲ್ಲಿದ್ದ ಅರ್ಧ ಬನ್ಸನ್ನು ಮುಂದೆ ಚಾಚಿ, 'ತಗೋ ಯವ್ವಾ, ನಿಮ್ಮಪ್ಪಾರು ಎಲ್ಲಾರಿಗೂ ಹಂಚಿಬಿಟ್ರು' ಎಂದಳು.

ಮುಂದಿನ ವಾರ ಸೀಟು ಸಿಕ್ಕಿತು. ತಾನು ಕೊಟ್ಟ ಸೂಜಿಯ ಪುಣ್ಯ ಎಂದು ಸುಜಾತಾ ಹೇಳುತ್ತಾಳೆ. ನನ್ನ ಘಾಟ್‌ಕೋಪರ್ ಪ್ರವಾಸದ ಫಲ ಎಂದು ನಾನು. ಅಡ್ಮಿಷನ್ನಿಗೆ ಹೊರಟ ದಿನ ಒರಿಜಿನಲ್ಲುಗಳ ಫೈಲನ್ನು ಶ್ರಾವ್ಯ ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡು, ನನ್ನ ಕೈಗೆ ಬನ್ಸಿನ ಡಬ್ಬಿ ಮಾತ್ರ ಕೊಟ್ಟು, 'ಕಿಸೀಕೋ ಮತ್ ದೇನಾ' ಎಂದು, ಯಾರಿಗೂ ಕೊಡಕೂಡದೆಂದು ಬೆರಳು ತೋರಿಸಿ, ಲೇಡೀಸ್ ಡಬ್ಬ ಹತ್ತಿದಳು. ನಾನು ಹತ್ತಿದವನು ಬಾಗಿಲಿನಿಂದ ಅಲ್ಲಾಡಲಿಲ್ಲ. ದಿವಾ ದಾಟುವಷ್ಟರಲ್ಲಿ ಪಕ್ಕದಲ್ಲಿ ನಿಂತವರೊಬ್ಬರು ಮೂಗರಳಿಸಿ, 'ಬಡೀ ಅಚ್ಛೀ ಖುಷ್‌ಬೂ ಹೈ. ಡಬ್ಬೇ ಮೇಂ ಕ್ಯಾ ಹೈ ಅಂಕಲ್?' ಎಂದು ಕೇಳಿದರು. ಪಾಪ, ತಿಂಡಿ ತಿಂದಿರಲಿಕ್ಕಿಲ್ಲ. ಕೈ ಮುಚ್ಚಳದ ಮೇಲೆ ಹೋಯಿತು.

'ಒರಿಜಿನಲ್ ಸರ್ಟಿಫಿಕೇಟ್' ಎಂದು ಹೇಳಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ.