ದೊಡ್ಡ ಸಂಪಿಗೆಗೆ ನಾನು ಹೊರಟ ಚಾರಣ

ಅಮೆರಿಕದಲ್ಲಿ ಸಿಕೋಯಾ ಎಂಬ ಮರಗಳಿವೆಯಂತೆ. ಒಂದೊಂದರ ಬುಡವೂ ಕೊಳ್ಳೇಗಾಲದ ನಮ್ಮ ಮನೆಯ ನಡುಮನೆಗಿಂತ ದೊಡ್ಡದು. ಆ ಕಾಡಿನಲ್ಲಿ ಜನ ಬೆನ್ನಿಗೆ ಚೀಲ ಹಾಕಿಕೊಂಡು ಬೆಳಗ್ಗೆ ನಡೆಯಲು ಹೊರಟು ಸಂಜೆ ಬರುವ ವಿಡಿಯೋ ಒಂದನ್ನು ನಾನು ಊಟ ಮುಗಿಸಿ, ಮಲಗಿಕೊಂಡು ನೋಡಿದೆ. ವಿಡಿಯೋ ಮುಗಿಯುವಷ್ಟರಲ್ಲಿ ನಾನೊಬ್ಬ ಚಾರಣಿಗನಾಗಿದ್ದೆ!

“ಮರ ನೋಡೋಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು? ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೇ ದೊಡ್ಡ ಸಂಪಿಗೆ ಇದೆ, ನೂರಾರು ವರ್ಷದ ಮರ. ಶನಿವಾರ ಕಾಡಲ್ಲಿ ನಡ್ಕೊಂಡೇ ಹೋಗಿ ನೋಡ್ಬರೋಣ” ಎಂದು ಹೆಂಡತಿ ಮಂಗಳಾಗೆ ಘೋಷಿಸಿದೆ.

“ಮೂಲೆ ಅಂಗಡಿಂದ ಮೊಸರು ತರಕ್ಕೂ ಸ್ಕೂಟ್ರು ಬೇಕು ನಿಮ್ಗೆ” ಎಂದಳು ಮಂಗಳಾ.

ಹನೂರಿನಿಂದ ಬಂದಿದ್ದ ನನ್ನ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ತಲೆ ಎತ್ತಿ, “ನಾನೂ ಬತ್ತೀನಿ ಅಳೀದೇವ್ರೇ” ಎಂದರು. “ನಿಮ್ ಮಾವ ಲಾರಿ ಓಡಿಸೋವಾಗ ಆ ಮರ ನೋಡ್ಬಂದಿದ್ರು. ನಿನ್ನೂ ಒಂದ್ಸಾರಿ ಕರ್ಕಂಡೋಯ್ತೀನಿ ಕಣಮ್ಮಿ ಅಂತಿದ್ರು. ಅಷ್ಟರಲ್ಲಿ ಅವ್ರೇ ಓಗ್ಬುಟ್ರು.”

ಮನುಷ್ಯನಾದವನ ಕಣ್ಣು ಒದ್ದೆಯಾಗಬೇಕಿತ್ತು. ನನ್ನ ಕಣ್ಣು ಅವರ ಮಂಡಿಯ ಮೇಲೆ ಹೋಯಿತು.

“ಅತ್ತೆ, ಇದು ಚಾರಣ. ಮಂಡಿನೋವಿನವರಿಗೆ ಆಗೋದಲ್ಲ. ನೀವು ಬಸ್ಸಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋಗಿ ಕೂತಿರಿ. ನಾವು ಮರ ನೋಡಿ ಬಂದು ನಿಮಗೆ ಫೋಟೋ ತೋರಿಸ್ತೀವಿ.”

ಅತ್ತೆ ಅವರೆಕಾಯಿಗೆ ಮರಳಿದರು. ಮಂಗಳಾ ನನ್ನನ್ನು ನೋಡಿದ ರೀತಿಯಿಂದಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಸಿದ್ಧತೆ ಭರದಿಂದ ಸಾಗಿತು. ಬೂಟು, ಬೆನ್ನಚೀಲ, ಟಾರ್ಚು, ಸೀಟಿ, ಉದ್ದನೆಯ ಹಗ್ಗ. “ಅಗ್ಗ ಯಾಕ್ರೀ?” ಎಂದಳು ಮಂಗಳಾ. ನನಗೂ ಗೊತ್ತಿರಲಿಲ್ಲ. ವಿಡಿಯೋದವನ ಹತ್ತಿರ ಇತ್ತು! ಬೂಟು ಬಿಗಿಯಾಗಿತ್ತು, ಹೊಸದು ಹಾಗೇ ಇರುತ್ತದೆ ಎಂದ ಅಂಗಡಿಯವನನ್ನು ನಂಬಿದೆ. ಫೋನಿನ ಮ್ಯಾಪಿನಲ್ಲಿ ಅರಣ್ಯದ ಗೇಟಿನಿಂದ ಬೆಟ್ಟಕ್ಕೆ ನನ್ನ ಕಿರುಬೆರಳಿನಷ್ಟೂ ದೂರವಿರಲಿಲ್ಲ. ಹುಲಿ ಕಾಡಿನೊಳಗೆ ನಡೆಯಲು ಯಾರನ್ನಾದರೂ ಕೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಶನಿವಾರ ಯಳಂದೂರಿನಲ್ಲಿ ಬೆಟ್ಟದ ಬಸ್ಸು ಹತ್ತಿದೆವು. ಗೇಟಿನ ಬಳಿ ನಾನೂ ಮಂಗಳಾಳೂ ಇಳಿದೆವು. ಅತ್ತೆ ಕಿಟಕಿಯಿಂದ ಕೈ ಬೀಸಿ, “ಉಸಾರು ಅಳೀದೇವ್ರೇ” ಎಂದರು. ಬಸ್ಸು ಹೋಯಿತು. ನಾನು ಎದೆಯುಬ್ಬಿಸಿ ಗೇಟಿನತ್ತ ನಡೆದೆ.

“ಎತ್ಲಾಗ್ ಸಾ?” ಎಂದ ಗೇಟಿನ ವಾಚರ್.

“ಬೆಟ್ಟಕ್ಕೆ. ನಾವು ಟ್ರೆಕ್ಕಿಂಗ್‌ಗೆ ಬಂದವರು.”

“ನಡ್ಕಂಡ್ ಓಗಂಗಿಲ್ಲ ಸಾ. ಉಲಿ, ಆನೆ ಅವೆ. ಬಸ್ಸಲ್ಲೇ ಓಗ್ಬೇಕು.”

“ಬಸ್ಸಿಂದ ಈಗ ತಾನೇ ಇಳಿದ್ವಿ!”

“ಅದ್ಯಾಕ್ ಇಳ್ದ್ರಿ ಸಾ?”

ಮಂಗಳಾ ಕೂಡ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದಳು.

ಕಾಡಿನಲ್ಲಿ ನಡೆಯಬೇಕಾದವರು ಕಾಡಿನ ಬಾಗಿಲಲ್ಲಿ ಕೂತೆವು. ಮುಂದಿನ ಬಸ್ಸು ಶನಿವಾರದ ಭಕ್ತರಿಂದ ತುಂಬಿ, ನಮಗೆ ನಿಲ್ಲಿಸದೆ ಹೋಯಿತು. ಬೂಟು ಕಾಲನ್ನು ಕಚ್ಚಿ ಹಿಡಿದಿತ್ತು, ಎರಡನ್ನೂ ಕಳಚಿಟ್ಟೆ.

“ಅವ್ವ ಅಲ್ಲಿ ಒಬ್ಳೇ ಅವ್ಳೆ, ಕೈಲಿ ಫೋನೂ ಇಲ್ಲ” ಎಂದಳು ಮಂಗಳಾ. ನನಗೂ ಹೆದರಿಕೆಯಾಯಿತು. ಅಷ್ಟು ಜನರ ನಡುವೆ ಮುದುಕಿ ಎಲ್ಲಿ ಕೂತಿದ್ದಾರೋ, ಏನು ತಿಂದರೋ!

ಮೂರನೇ ಬಸ್ಸು ನಿಂತಿತು. ಮಂಗಳಾ ಒಂದೇ ನೆಗೆತಕ್ಕೆ ಹತ್ತಿದಳು. ನನ್ನ ಕಾಲು ಊದಿಕೊಂಡು ಬೂಟಿನೊಳಗೆ ಹೋಗಲೊಲ್ಲದು.

“ಬತ್ತೀರಾ ಇಲ್ವಾ ಸಾ?” ಎಂದ ಕಂಡಕ್ಟರ್.

“ಒಂದ್ನಿಮಿಷ!”

ಒಂದು ಬೂಟು ಹೊಕ್ಕಿತು. ಅಷ್ಟರಲ್ಲಿ ಬಸ್ಸು ಹೊರಟಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಕುಂಟುತ್ತ ಓಡಿ, ಕೊರಳಲ್ಲಿದ್ದ ಸೀಟಿಯನ್ನು ಬಲವಾಗಿ ಎರಡು ಸಲ ಊದಿದೆ. ಬಸ್ಸಿನವರ ಭಾಷೆಯಲ್ಲಿ ಅದರ ಅರ್ಥ ‘ರೈಟ್, ಹೋಗು’! ಡ್ರೈವರ್ ವೇಗ ಹೆಚ್ಚಿಸಿದ.

ವಾಚರ್ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಆಮೇಲೆ ಬಂದ ಬಸ್ಸುಗಳೂ ತುಂಬಿದ್ದವು, ಸಂಜೆಯವರೆಗೆ ಅದರಲ್ಲಿ ಕೂತಿದ್ದೆ. ನನ್ನ ಖಾಕಿ ಪ್ಯಾಂಟು, ಸೀಟಿ ನೋಡಿ ಕಾರಿನವರೊಬ್ಬರು, “ಬೇಗ ಗೇಟ್ ತೆಗೀರಿ” ಎಂದು ಗದರಿದರು. ವಾಚರ್ ಊಟಕ್ಕೆ ಕೂತಿದ್ದ. ತೆಗೆದೆ.

ಬೆಟ್ಟದಿಂದ ಇಳಿದು ಬಂದ ಬಸ್ಸಿನ ಕಿಟಕಿಯಲ್ಲಿ ಅತ್ತೆಯ ಮುಖ ಕಂಡಾಗ ಹೋದ ಜೀವ ಬಂದಂತಾಯಿತು. ಮಂಗಳಾ ಅವರನ್ನು ದೇವಸ್ಥಾನದಲ್ಲಿ ಹುಡುಕಿ ಜೊತೆಗೆ ಕರೆತಂದಿದ್ದಳು. ಹತ್ತಿ ಪಕ್ಕದಲ್ಲಿ ಕೂತು, “ಕಾದು ಕಾದು ಸುಸ್ತಾಯ್ತಾ ಅತ್ತೆ?” ಎಂದೆ.

“ನಾನ್ಯಾಕ್ ಕಾಯ್ಲಿ? ದರ್ಸನ ಮಾಡ್ದೆ, ಪ್ರಸಾದ ಉಂಡೆ. ಪಕ್ಕದಲ್ಲಿ ಉಣ್ತಿದ್ದ ಮೈಸೂರೋರು ಪರ್ಮಿಸನ್ ತಕಂಡು ಜೀಪಲ್ಲಿ ದೊಡ್ಡ ಸಂಪ್ಗೆಗೆ ಒಂಟಿದ್ರು. ಜಾಗ ಅದೆ, ಬನ್ನಿ ಅಮ್ಮ ಅಂದ್ರು. ಓದೆ.”

“ಮರ... ನೋಡಿದ್ರಾ?”

“ಊ ಕಣಪ್ಪ. ಎಂಥಾ ಮರ! ಬುಡದಲ್ಲಿ ನಿಂತ್ಕಂಡ್ರೆ ಇರುವೆ ಅಂಗಾಯ್ತೀವಿ. ಕೈ ಮುಗ್ದು, ನಾನೇ ನೋಡ್ದೆ ಕಣ್ರೀ ಅಂತ ನಿಮ್ ಮಾವನ್ಗೆ ಏಳ್ದೆ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಗಳಾ ಅವರ ಕೈ ಹಿಡಿದುಕೊಂಡಳು. ಆ ಮೈಸೂರಿನವರ ಮೇಲೆ ನನಗೆ ಅಪಾರ ಗೌರವ ಬಂತು. ನನ್ನ ಮೇಲೆ ಇದ್ದದ್ದೂ ಹೋಯಿತು.

ಭಾನುವಾರ ಬೀದಿಯ ಹೆಂಗಸರು ಕಾಡಿನ ಕಥೆ ಕೇಳಲು ನಮ್ಮ ಮನೆಯಲ್ಲಿ ನೆರೆದರು. ಅತ್ತೆ ನಡುವೆ ಕೂತು ಕೈ ಅಗಲಿಸಿ ಮರದ ಗಾತ್ರ ತೋರಿಸುತ್ತಿದ್ದರು. ಎದುರುಮನೆಯಾಕೆ ನನ್ನತ್ತ ತಿರುಗಿ, “ನೀವೇನ್ ನೋಡುದ್ರಿ ಸಾ?” ಎಂದಳು.

ಎಲ್ಲರಿಗೂ ಟೀ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ಅಲ್ಲಿ ಹಾಲನ್ನೂ ಒಲೆಯ ಮೇಲೆಲ್ಲ ಉಕ್ಕಿಸಿದೆ.