ನನ್ನ ಕಾರಿನ ಗೇರ್ ರಾಡಿಗೆ, ಅತ್ತೆಯವರ ಮಂಡಿಯ ವಿಷಯವಾಗಿ

ಮಾನ್ಯ ಗೇರ್ ರಾಡ್ ಅವರೇ,

ತಲೆಯ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿ ನುಣ್ಣಗೆ ಹೊಳೆಯುತ್ತಿರುವ ತಮಗೆ, ನಾಲ್ಕು ವರ್ಷಗಳಿಂದ ಆ ತಲೆಯನ್ನು ಸವರುತ್ತಲೇ ಬಂದಿರುವ ಎಡಗೈಯ ಮಾಲೀಕನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ನನಗೆ ಗೊತ್ತು, ಇವತ್ತು ಬೆಳಿಗ್ಗೆಯೂ ಕಣ್ಣಾರೆ ಕಂಡೆ. ನನ್ನ ಕ್ಷೇಮವನ್ನು ತಾವು ಎಂದೂ ವಿಚಾರಿಸಿದವರಲ್ಲವಾದ್ದರಿಂದ ಆ ವಿಷಯವನ್ನು ಬೆಳೆಸುವುದಿಲ್ಲ. ಮನೆಯೊಳಗೇ ಮುಗಿಸಬಹುದಾಗಿದ್ದ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಒಂದೇ: ತಮ್ಮ ವ್ಯವಹಾರ ಈಗ ಅಕ್ಷರಶಃ ಬೀದಿಗೆ ಬಿದ್ದಿದೆ.

ನಾನು ಮನೆಯಲ್ಲೇ ಕಟ್ಟುಹಲ್ಲು ಮಾಡುವವನೆಂಬುದು ತಮಗೆ ತಿಳಿದಿದೆ. ದಂತವೈದ್ಯರು ಕಳಿಸಿದ ಅಚ್ಚಿಗೆ ಗಚ್ಚು ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವಾಗ ನಡುವೆ ಒಂದು ಕಾಗದ ತೂರುವಷ್ಟು ಸಂದು ಉಳಿದರೂ ಆ ದಿನ ಊಟ ರುಚಿಸದ ಜಾತಿಯ ಮನುಷ್ಯ. ಇಂಥವನು ಆಸೆಪಟ್ಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರೆ, ಅದರ ನಟ್ಟನಡುವೆ ತಾವು ನಾಲ್ಕು ಬೆರಳಗಲ ಅತ್ತಿಂದಿತ್ತ ತೂಗಾಡುತ್ತಾ ಕೂತಿದ್ದಿರಿ. ಮೂರನೆಯ ಗೇರು ಕೇಳಿದರೆ ಐದನೆಯದನ್ನು ಕೊಡುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಿ ಎತ್ತು ಯಾರು, ಕೋಣ ಯಾರು ಎಂದು ನಾನು ಬಿಡಿಸಿ ಹೇಳುವುದಿಲ್ಲ.

ಇಡೀ ಪೇಟೆಯೇ ಸ್ಪ್ಯಾನರ್ ಮಾಮ ಎಂದು ಕರೆಯುವ ಮೆಕ್ಯಾನಿಕ್ ತಮ್ಮನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಸಾರ್, ಇದು ಗೇರ್ ರಾಡಲ್ಲ, ಸುಣ್ಣ ಕಲಸೋ ಕೋಲು. ಕಿತ್ತಾಕಿ ಗಿಡ್ಡದೊಂದು ಹಾಕ್ಸಿ, ಬೆರಳಲ್ಲಿ ಮುಟ್ಟಿದ್ರೆ ಟಕ್ ಅಂತ ಬೀಳುತ್ತೆ" ಎಂದಾಗ ತಾವೂ ಅಲ್ಲೇ ಇದ್ದಿರಿ, ಅವಮಾನವಾಗಿದ್ದರೆ ಕ್ಷಮೆಯಿರಲಿ. ನಾನು ಗಿಡ್ಡ ರಾಡು ತರಿಸಿದೆ. ಅದು ಡಬ್ಬಿಯಲ್ಲಿ ಬಂತು. ಶನಿವಾರ ಬದಲಾಯಿಸುವುದೆಂದು ಗೊತ್ತಾಯಿತು. ಅದಕ್ಕೆ ಮೊದಲಿನ ಬುಧವಾರ ತಮ್ಮ ಪಕ್ಕದ ಸೀಟಿಗೆ ನನ್ನ ಅತ್ತೆಯವರು ಬಂದು ಕೂತರು.

ಅತ್ತೆ ನಮ್ಮ ಮನೆಯಲ್ಲೇ ಇರುವವರು. ಈ ಕಾರು ಬಂದ ದಿನ ಅದರ ಸುತ್ತ ಒಂದು ಸುತ್ತು ನಡೆದು, ಸೀಟು ಎಣಿಸಿ, "ಇದರಲ್ಲಿ ನಿಮಗೆ ಜಾಗ ಇಲ್ಲ ಅಂತ ಬಾಯಲ್ಲೇ ಹೇಳಬಹುದಿತ್ತಲ್ಲ ಅಳಿಯಂದ್ರೇ" ಎಂದಿದ್ದರು. ಆಮೇಲೆ ನಾಲ್ಕು ವರ್ಷ ನಮ್ಮಿಬ್ಬರ ನಡುವೆ 'ಉಪ್ಪು', 'ಬಾಗಿಲು', 'ಫೋನು' ಎಂಬ ಮೂರು ಪದಗಳಷ್ಟೇ ಓಡಾಡುತ್ತಿದ್ದವು. ಆ ಬುಧವಾರ ಅವರ ಬಲಮಂಡಿ ನೋವಿನಿಂದ ಹಿಡಿದುಕೊಂಡಿತು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಗೆ ಅಂದು ರಜೆ ಸಿಗದೆ, ಅವರನ್ನು ಕೀಲುನೋವಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಬಳಿಗೆ ಒಯ್ಯುವ ಭಾರ ನನ್ನ ಮೇಲೆ ಬಿತ್ತು. ಇಬ್ಬರೂ ಹೊರಟೆವು. ಮೊದಲ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ನಾನು ಒಂದನೆಯ ಗೇರಿಗೆಂದು ಎಡಕ್ಕೆ ವಾಲಿಸಿ ಮುಂದೆ ತಳ್ಳಿದ ತಾವು ಗೇರಿಗೆ ಬೀಳುವ ಮುನ್ನ ನೇರವಾಗಿ ಅವರ ಬಲಮಂಡಿಗೆ ಹೋಗಿ ಬಡಿದಿರಿ.

"ಅಯ್ಯೋ! ನಾಲ್ಕು ವರ್ಷ ಕಾದಿದ್ದು ಇದಕ್ಕೇನಾ?" ಎಂದು ಅತ್ತೆ ಶುರುಮಾಡಿದರು. ದಾರಿಯಲ್ಲಿ ಒಂಬತ್ತು ಸಿಗ್ನಲ್ಲು. ಒಂದೊಂದಕ್ಕೂ ತಮ್ಮದೊಂದು ಏಟು, ಒಂದೊಂದು ಏಟಿಗೂ ಅವರದೊಂದು ಹಳೆಯ ದೂರು: ಅವರ ಕನ್ನಡಕದ ಮೇಲೆ ನಾನು ಕೂತದ್ದು, ಅದನ್ನು ಒಪ್ಪಿಕೊಳ್ಳದೇ ಇದ್ದದ್ದು, ಸ್ನಾನದ ಮನೆಯಲ್ಲಿ ಶಿಳ್ಳೆ ಹೊಡೆಯುವುದು. ಒಂಬತ್ತನೆಯದು ಮುಗಿಯುವಷ್ಟರಲ್ಲಿ ಡಾಕ್ಟರಮ್ಮನ ಮೆಟ್ಟಿಲು ಬಂತು. ಅತ್ತೆ ಬಾಗಿಲು ತೆಗೆದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತು, ಮೂರು ಮೆಟ್ಟಿಲು ಹತ್ತಿ, ತಿರುಗಿ ನೋಡಿ, ಮೂರೂ ಇಳಿದು ವಾಪಸು ಬಂದು ಕೂತರು. "ಮನೆಗೆ ನಡೀರಿ. ನೋವು ಹೋಯ್ತು" ಎಂದರು.

ನನ್ನ ಹೆಂಡತಿ ಆ ಸಂಜೆಯೇ ಅವರನ್ನು ಆಸ್ಪತ್ರೆಗೆ ಕರೆಸಿಕೊಂಡು ಎಕ್ಸ್‌ರೇ ತೆಗೆದು, ಚಿತ್ರವನ್ನು ಮನೆಗೆ ತಂದು ನೋಡಿ, "ಅಮ್ಮಾ, ಮಂಡೀಲಿ ಏನೂ ಬದಲಾಗಿಲ್ಲ. ಹೋದ ವರ್ಷ ಇದ್ದ ಹಾಗೇ ಇದೆ" ಎಂದಳು. ಅತ್ತೆ ಅಡುಗೆಮನೆಯಿಂದ ಬಾಗಿಲತನಕ ನಡೆದು ತೋರಿಸಿ, "ಹಾಗಾದ್ರೆ ನಿನ್ನ ಮಿಶಿನ್ನು ಕೆಟ್ಟಿದೆ, ಸರಿ ಮಾಡ್ಸು" ಎಂದರು.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ. ಆದರೆ ತಮ್ಮ ಕೀರ್ತಿ ಹಬ್ಬಿತು. ಮೊದಲು ಲಾಂಡ್ರಿಯವರು ಕುಂಟುತ್ತಾ ಬಂದರು, ಅವರ ಹಿಂದೆ ಬೀಗ ರಿಪೇರಿಯವರು, ಅವರ ಹಿಂದೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ನಿಂತೇ ತುತ್ತೂರಿ ಊದಿ ನಿವೃತ್ತರಾದ ಹಿರಿಯರೊಬ್ಬರು. ಅತ್ತೆ ನನ್ನ ಕೆಲಸದ ಚೀಟಿಗಳ ಬೆನ್ನಿಗೆ ಅಂಕಿ ಬರೆದು ಟೋಕನ್ ಹಂಚತೊಡಗಿದರು. ನಾನು ಮೇಣ ಕಾಯಲಿಟ್ಟು ಬಂದು, ಒಬ್ಬೊಬ್ಬರನ್ನೇ ಎಡಗಡೆ ಕೂರಿಸಿಕೊಂಡು ಬೀದಿ ಸುತ್ತಿಸಿ, ಮೂರು ಕಡೆ ಬೇಕೆಂದೇ ನಿಲ್ಲಿಸಿ, ಮೂರು ಏಟು ಹಾಕಿಸಿ ಇಳಿಸಬೇಕು. ದಂತವೈದ್ಯರ ಚೀಟಿ ಹಿಡಿದು ಹಲ್ಲಿಗೆಂದು ಬಂದ ನಿಜವಾದ ಗಿರಾಕಿಗಳು ಮಂಡಿಯವರ ಸಾಲಿನ ಬಾಲದಲ್ಲಿ ಬೊಚ್ಚುಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಬೀಗದವರಿಗೆ ನೋವಿದ್ದದ್ದು ಎಡಮಂಡಿ. ಅವರು ಸೀಟಿನಲ್ಲಿ ಹಿಂದುಮುಂದಾಗಿ ಮಂಡಿಯೂರಿ, ಹಿಂದಿನ ಗಾಜಿನಿಂದ ಊರವರಿಗೆಲ್ಲ ಕೈಬೀಸುತ್ತಾ ಚಿಕಿತ್ಸೆ ಪಡೆದರು. ತುತ್ತೂರಿಯವರು ಕುತ್ತಿಗೆಗೂ ಒಂದು ಏಟು ಬೇಕೆಂದು ಹಟ ಹಿಡಿದರು. ಕಡೆಗೆ, ನನ್ನ ಮೇಲೆ ದೂರು ಕೊಡುತ್ತೇನೆಂದು ರೇಗಿಕೊಂಡು ಬಂದ ವ್ಯಾಯಾಮದ ಡಾಕ್ಟರಮ್ಮ ಐದು ನಿಮಿಷ ಸಾಲನ್ನು ನೋಡುತ್ತಾ ನಿಂತಿದ್ದು, ಸ್ವಂತ ಮಂಡಿಯನ್ನೇ ಒಮ್ಮೆ ಒತ್ತಿ ನೋಡಿಕೊಂಡು, ಹದಿನೇಳನೆಯ ಟೋಕನ್ ತೆಗೆದುಕೊಂಡರು.

ಮಾನ್ಯರೇ, ಈಗ ತಾವೇ ಹೇಳಬೇಕು. ತಮ್ಮನ್ನು ಬದಲಾಯಿಸಿದರೆ ಬೀದಿಗೆ ಬೀದಿಯೇ ಕುಂಟುತ್ತದೆ. ಬದಲಾಯಿಸದಿದ್ದರೆ ನಾನು ಸಾಯುವತನಕ ಮೂರನೆಯ ಗೇರನ್ನು ಕಾಣುವುದಿಲ್ಲ. ಶನಿವಾರ ಎರಡು ಬಾರಿ ಮುಂದೆ ಹೋಯಿತು. ಮೂರನೆಯ ಶನಿವಾರ ಎದೆ ಗಟ್ಟಿಮಾಡಿಕೊಂಡು, ಗಿಡ್ಡ ರಾಡಿನ ಡಬ್ಬಿಯನ್ನು ಕಂಕುಳಲ್ಲಿ ಅವುಚಿ, ಸದ್ದಿಲ್ಲದೆ ಕಾರಿನ ಬಾಗಿಲು ತೆಗೆದರೆ, ನನ್ನ ಸೀಟಿನಲ್ಲಿ ಅತ್ತೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು.

"ಮಂಡಿ ಸರಿಹೋಯ್ತಲ್ಲ, ಇನ್ನೂ ಆ ಕಡೆ ಕೂತು ಏನ್ ಮಾಡ್ಲಿ? ಹತ್ತಿ" ಎಂದರು. ಲೈಸೆನ್ಸು ಇದೆಯೇ ಎಂದು ಕೇಳುವ ಧೈರ್ಯ ಮಾಡಿದೆ. "ನಿಮ್ಮ ಮೀಸೆಗಿಂತ ಹಳೇದು" ಎಂದರು.

ಹತ್ತಿದೆ. ಹೇಗೂ ಹೊರಟಿದ್ದೇವೆ, ಸ್ಪ್ಯಾನರ್ ಮಾಮನ ಶೆಡ್ಡಿಗೇ ಬಿಡಿ ಎಂದೆ. ಹೊರಡುತ್ತಿದ್ದಂತೆ ತಾವು ಪಕ್ಷಪಾತವಿಲ್ಲದೆ ನನ್ನ ಬಲಮಂಡಿಗೂ ಒಂದು ಬಿಟ್ಟಿರಿ. ಕಣ್ಣಲ್ಲಿ ನೀರು ಬಂತು. ಆದರೆ ಏರಿನಲ್ಲಿ ಅತ್ತೆ ಎರಡೇ ಬೆರಳಿನಲ್ಲಿ ತಮ್ಮನ್ನು ಮುಂದಕ್ಕೆ ಒಯ್ದಾಗ ಮೂರನೆಯ ಗೇರು ಸದ್ದಿಲ್ಲದೆ, ಸಂದಿಲ್ಲದೆ, ನನ್ನ ಜೀವಮಾನದ ಅತ್ಯುತ್ತಮ ಹಲ್ಲಿನ ಸೆಟ್ಟಿನಂತೆ ಹೋಗಿ ಕೂತಿತು. ನಾನು ಬಾಯಿ ತೆರೆದುಕೊಂಡು ನೋಡಿದೆ. "ಕೇಳಿ ಇಸ್ಕೋಬೇಕು ಅಳಿಯಂದ್ರೇ, ಕಿತ್ಕೋಬಾರ್ದು" ಎಂದರು ಅತ್ತೆ. ಶೆಡ್ಡು ಬಂತು. ಸ್ಪ್ಯಾನರ್ ಮಾಮ ಕೈ ಒರೆಸಿಕೊಳ್ಳುತ್ತಾ ರಸ್ತೆಗೆ ಇಳಿದ. ಅತ್ತೆ ಅವನಿಗೊಂದು ಹಾರ್ನ್ ಹೊಡೆದು ಮುಂದೆ ಹೋದರು. ಡಬ್ಬಿ ನನ್ನ ತೊಡೆಯ ಮೇಲೇ ಇತ್ತು.

ಕೋಪ ಬರಬೇಕಾಗಿತ್ತು. ಬದಲಿಗೆ ನಗು ಬಂತು, ತಡೆಯಲಾಗದಷ್ಟು. ನಗುತ್ತಾ ನಗುತ್ತಾ, ಯಾರಿಗೂ ಹೇಳದ ಮಾತೊಂದು ಬಾಯಿಂದ ಜಾರಿತು: "ಅತ್ತೆ, ಅವತ್ತು ನೀವಂದಿದ್ದು ನಿಜ. ಬೇಕು ಅಂತಲೇ ಎರಡು ಸೀಟಿಂದು ತಗೊಂಡೆ."

ಅವರು ರಸ್ತೆಯಿಂದ ಕಣ್ಣು ತೆಗೆಯದೆ ನಾಲ್ಕನೆಯ ಗೇರಿಗೆ ಹಾಕಿ, "ಗೊತ್ತು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಕಿಟಕಿ ಇಳಿಸಿ, ಗಾಳಿ ಬರಲಿ" ಎಂದರು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಯೇನೆಂದರೆ, ತಾವು ಈಗಿರುವ ಉದ್ದದಲ್ಲೇ ಸುಖವಾಗಿರಬೇಕು. ನಾನೊಬ್ಬನೇ ಓಡಿಸುವ ದಿನ ಮಾತ್ರ ದಯವಿಟ್ಟು ಅರ್ಧ ಗೇಣು ಕುಗ್ಗಬೇಕು. ಭಾನುವಾರ ಯಾರ ಮಂಡಿಯನ್ನೂ ಮುಟ್ಟಬಾರದು. ಮತ್ತು ತಮಗೆ ಅನುಕೂಲವಾದ ಒಂದು ದಿನ ನನ್ನನ್ನು ಮೂರನೆಯ ಗೇರಿಗೆ ಮರ್ಯಾದೆಯಿಂದ ಪರಿಚಯ ಮಾಡಿಸಿಕೊಡಬೇಕು.

ವಿಶ್ವಾಸವಿಡದೆ ಬೇರೆ ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಎಡಗಡೆ ಸೀಟಿನವನು

ಮರೆತ ಮಾತು: ಗಿಡ್ಡ ರಾಡನ್ನು ನಾನು ವಾಪಸು ಕಳಿಸಿಲ್ಲ, ನನ್ನ ಮೇಜಿನ ಕೆಳಗೇ ಇದೆ ಎಂಬುದನ್ನು ಗಮನದಲ್ಲಿಡಿ. ಮುಂದಿನ ತಿಂಗಳು ಅತ್ತೆ ಹದಿನೈದು ದಿನ ದೊಡ್ಡ ಮಗಳ ಮನೆಗೆ ಹೋಗುತ್ತಿದ್ದಾರೆ, ಆಗ ತಮ್ಮ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. (ಈಗಷ್ಟೇ ತಿಳಿಯಿತು, ಅವರು ಕಾರಿನಲ್ಲೇ ಹೋಗುತ್ತಾರಂತೆ. ಮೇಲಿನ ಬೆದರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಪ್ರಯಾಣ ಸುಖಕರವಾಗಲಿ.)