ಎಮ್ಮೆಯ ಪಕ್ಕದ ಕೆಂಪು ಚುಕ್ಕೆ

ಎಲ್ಲದಕ್ಕೂ ಕಾರಣ ಎರಡು ಲೋಟ ಮಜ್ಜಿಗೆ. ಅಮೆರಿಕದ ವೆಸ್ಟ್ ಕೊವಿನಾದ ಅಂಗಡಿಯಲ್ಲಿ ಹೆಂಡತಿ ಚೆನ್ನಮ್ಮ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಓಂಕಾರಪ್ಪನವರಿಗೆ ಅರ್ಜೆಂಟಾಗಿ, ಪಕ್ಕದಲ್ಲಿ ತೆರೆದಿದ್ದ ಬಾಗಿಲೊಳಗೆ ನುಗ್ಗಿದ್ದರು. ಅದು ಕೋವಿಡ್ ಕಾಲದಲ್ಲಿ ಮುಚ್ಚಿಹೋದ ಚಪ್ಪಲಿ ಅಂಗಡಿ. ಈಗ ಸುತ್ತಮುತ್ತಲಿನವರು ಸೇರಿ, ಲಾಭದ ಆಸೆಯಿಲ್ಲದೆ ನಡೆಸುವ ಪುಟ್ಟ ಆರ್ಟ್ ಗ್ಯಾಲರಿ. ಬಾತ್‌ರೂಮು ಬಳಸಿ ಹಾಗೇ ಹೊರಟರೆ ಮರ್ಯಾದೆಯಲ್ಲವೆಂದು ಗೋಡೆಯ ಚಿತ್ರಗಳ ಮುಂದೆ ಐದು ನಿಮಿಷ ತಲೆದೂಗಿದರು. ಗ್ಯಾಲರಿ ನೋಡಿಕೊಳ್ಳುವ ಡೊಲೊರೆಸ್ ಎಂಬ ಹಿರಿಯಾಕೆ ಆ ತಲೆದೂಗಾಟಕ್ಕೆ ಸೋತು, ಎದೆಗೆ ವಾಲಂಟಿಯರ್ ಬ್ಯಾಡ್ಜು ಸಿಕ್ಕಿಸಿಯೇ ಕಳಿಸಿದರು.

ದಾವಣಗೆರೆಯಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ, ಈಗ ಪಕ್ಕದ ವಾಲ್‌ನಟ್ ಎಂಬ ಊರಿನ ಮಗಳ ಮನೆಯಲ್ಲಿದ್ದ ಓಂಕಾರಪ್ಪನವರು ಬ್ಯಾಡ್ಜಿನಿಂದ ಬ್ರಶ್ಶಿಗೆ ಬರಲು ಎರಡು ತಿಂಗಳು ಸಾಕಾಯಿತು. ಮನೆಯ ಹಾಲ್‌ನ ಕಿಟಕಿಯ ಪಕ್ಕ ಚಿತ್ರ ಬರೆಯುವ ಸ್ಟ್ಯಾಂಡು ಬಂದು ಕಾಲೂರಿತು. ಅದರ ಮೇಲೆ ಕೆರೆಯಲ್ಲಿ ಕೂತ ಎಮ್ಮೆಯೊಂದು ಮೂಡಿತು. ಮೊಮ್ಮಗಳು ಸಂಹಿತಾ ನೋಡಿ, “ನೈಸ್ ಪೊಟೇಟೋ, ತಾತ” ಎಂದಳು.

ಆ ಕಿಟಕಿಯ ಬಿಸಿಲಿನ ಮೇಲೆ ಚೆನ್ನಮ್ಮನವರಿಗೂ ಕಣ್ಣಿತ್ತು. ಅವರ ಕರಿಬೇವಿನ ಕುಂಡ ಮೂಲೆಯಲ್ಲಿ ಸೊರಗುತ್ತಿತ್ತು. ಗ್ಯಾಲರಿಯ ಪ್ರದರ್ಶನಕ್ಕೆ ಎಮ್ಮೆ ಹೊರಟ ದಿನ ತೀರ್ಪು ಕೊಟ್ಟರು. “ನಿಮ್ಮೆಮ್ಮೇನ ಯಾರಾದ್ರೂ ತಗೊಂಡ್ರೆ ಸ್ಟ್ಯಾಂಡ್ ಇಲ್ಲೇ ಇರ್ಲಿ. ಇಲ್ಲಾಂದ್ರೆ ಎರಡೂ ಗರಾಜಿಗೆ.”

ಪ್ರದರ್ಶನದ ಕೊನೆಯ ದಿನ ಬಂತು. ಮಾರಾಟವಾದ ಕೃತಿಯ ಪಕ್ಕ ಡೊಲೊರೆಸ್ ಒಂದು ಕೆಂಪು ಚುಕ್ಕೆ ಅಂಟಿಸುತ್ತಿದ್ದರು. ಬೆಕ್ಕಿನ ಚಿತ್ರಕ್ಕೆ ಚುಕ್ಕೆ ಬಿದ್ದಿತ್ತು, ಸಮುದ್ರಕ್ಕೆ ಬಿದ್ದಿತ್ತು, ಬರೀ ಗೀಟು ಎಳೆದಿದ್ದಕ್ಕೂ ಬಿದ್ದಿತ್ತು. ಎಮ್ಮೆ ಮಾತ್ರ ವರ ಸಿಗದ ಹುಡುಗಿಯ ಹಾಗೆ ಮೂಲೆಯಲ್ಲಿ ಕೂತಿತ್ತು. ಅದರ ಜೊತೆಗೆ ಇನ್ನೂ ಯಾರೂ ಕೊಳ್ಳದೆ ಉಳಿದದ್ದು ಒಂದು ಕಬ್ಬಿಣದ ಹುಂಜ. ಹಳೇ ಸೈಕಲ್ಲುಗಳನ್ನು ಬೆಸೆದು ಮಾಡಿದ, ಆಳೆತ್ತರದ ಹುಂಜ.

ಚೆನ್ನಮ್ಮ ಬರುವುದು ನಾಲ್ಕಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ಓಂಕಾರಪ್ಪನವರು ನಿಟ್ಟುಸಿರುಬಿಟ್ಟು ಕನ್ನಡಕದ ಡಬ್ಬಿ ತೆರೆದರು. ಮುಚ್ಚಳದ ಒಳಗೆ ಹೆಂಡತಿಯ ಕೆಂಪು ಸ್ಟಿಕ್ಕರ್ ಬೊಟ್ಟು. ಮುಖ ತೊಳೆಯುವಾಗ ಹಣೆಯಿಂದ ಕಿತ್ತು, ಕೈಗೆ ಸಿಕ್ಕಿದ್ದಕ್ಕೆ ಅಂಟಿಸಿ ಮರೆಯುವುದು ಚೆನ್ನಮ್ಮನವರ ಅಭ್ಯಾಸ. ಕನ್ನಡಿ, ಫ್ರಿಜ್ಜು, ಒಮ್ಮೆ ಅಳಿಯನ ಲ್ಯಾಪ್‌ಟಾಪು.

ಓಂಕಾರಪ್ಪನವರು ಅತ್ತಿತ್ತ ನೋಡಿದರು. ಬೊಟ್ಟನ್ನು ಎಮ್ಮೆಯ ಪಕ್ಕ ಒತ್ತಿದರು. ಹೆಂಡತಿ ನೋಡಿಕೊಂಡು ಹೋಗುವವರೆಗೆ ಇದ್ದರೆ ಸಾಕು, ಆಮೇಲೆ ಎಮ್ಮೆಯನ್ನು ಸ್ಟೋರ್ ರೂಮಿನಲ್ಲಿ ಕಟ್ಟಿಹಾಕಿದರಾಯಿತು.

ಮೊದಲು ನೋಡಿದ್ದು ನೆರೆಮನೆಯ ನಂಜುಂಡಪ್ಪ. ಓಂಕಾರಪ್ಪನವರನ್ನು ಕಾರಿನಲ್ಲಿ ಬಿಡಲು ಬಂದು, ಡೊಲೊರೆಸ್ ಇಟ್ಟ ಬಿಸ್ಕತ್ತು ಮುಗಿಯುವವರೆಗೂ ಉಳಿಯುವ ಮನುಷ್ಯ.

“ಯಾರ್ ತಗೊಂಡ್ರು, ಓಂಕಾರಪ್ಪನೋರೆ?”

“ಯಾರೋ ಡಾಕ್ಟ್ರು. ಸ್ಯಾನ್ ಡಿಯಾಗೋದೋರು.” ದೂರದ ಊರು ಹೇಳಿದರೆ ಕ್ಷೇಮವೆಂದು ಅವರ ಲೆಕ್ಕ.

“ಸ್ಯಾನ್ ಡಿಯಾಗೋದಲ್ಲಿ ಎಲ್ಲಿ?”

“ಕಾರ್ಮೆಲ್ ವ್ಯಾಲಿ.”

“ನಮ್ ಭಾವಮೈದ ಓಂಪ್ರಕಾಶ್ ಅಲ್ಲೇ ಇರೋದು. ಅಲ್ಲಿರೋ ಡಾಕ್ಟ್ರೆಲ್ಲ ಅವನಿಗೆ ಗೊತ್ತು” ಎಂದು ನಂಜುಂಡಪ್ಪ ಫೋನು ತೆಗೆದರು.

ಅರ್ಧ ಗಂಟೆಯಲ್ಲಿ ಎಮ್ಮೆಯ ಫೋಟೋ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಿತ್ತು. ಕೈಮುಗಿದ ಚಿತ್ರಗಳು ಸುರಿದವು. ಓಂಪ್ರಕಾಶ್ ಹನ್ನೊಂದು ಜನ ಡಾಕ್ಟರುಗಳನ್ನು ವಿಚಾರಿಸಿದ. ಹತ್ತು ಜನ ಇಲ್ಲವೆಂದರು, ಹನ್ನೊಂದನೆಯವರು ಆಪರೇಷನ್ನಿನಲ್ಲಿದ್ದರು. ಅವರೇ ಇರಬೇಕೆಂದು ನಂಜುಂಡಪ್ಪ ಓಂಪ್ರಕಾಶನಿಗೆ ವೀಡಿಯೊ ಕಾಲ್ ಹಚ್ಚಿಕೊಂಡು ಎಮ್ಮೆಯ ಮುಂದೆಯೇ ನಿಂತರು. ಡೊಲೊರೆಸ್‌ಗೂ ಗೊಂದಲ. ಚುಕ್ಕೆಯಿದೆ, ಮಾರಾಟದ ಪುಸ್ತಕದಲ್ಲಿ ಹೆಸರಿಲ್ಲ. ಬೇರೆ ವಾಲಂಟಿಯರ್ ಬರೆಯಲು ಮರೆತಿರಬೇಕೆಂದು ಆಕೆಯೇ ಸಮಾಧಾನ ಮಾಡಿಕೊಂಡರು.

ಮೂರು ಗಂಟೆಗೆ ಒಬ್ಬ ಯುವತಿ ಒಳಗೆ ಬಂದಳು. ಬೆಕ್ಕು, ಸಮುದ್ರ ಎರಡನ್ನೂ ದಾಟಿ ನೇರ ಎಮ್ಮೆಯ ಮುಂದೆ ನಿಂತಳು.

“ಅಂಕಲ್, ಈ ಎಮ್ಮೆ ಹೋಗ್ಬಿಡ್ತಾ?”

ಆಲೂಗಡ್ಡೆ ಅನ್ನಲಿಲ್ಲ. ಎಮ್ಮೆ ಅಂದಳು. ಓಂಕಾರಪ್ಪನವರು ಹೋಗಿಲ್ಲಮ್ಮ ಎನ್ನಲು ಬಾಯಿ ತೆರೆದರು. ಪಕ್ಕದಲ್ಲಿ ನಂಜುಂಡಪ್ಪ, ನಂಜುಂಡಪ್ಪನ ಕೈಯಲ್ಲಿ ಓಂಪ್ರಕಾಶ್.

“ಆಗ್ಲೇ ಹೋಯ್ತು ಕಣಮ್ಮ” ಎಂದರು ನಂಜುಂಡಪ್ಪ.

“ಆ ಡಾಕ್ಟ್ರು ಬೇಡ ಅಂದ್ರೂ ಅನ್ಬಹುದು” ಎಂದು ಓಂಕಾರಪ್ಪನವರು ಗೊಣಗಿದರು.

“ಅದ್ಹೇಗಂತಾರೆ? ಮಾತು ಅಂದ್ರೆ ಮಾತು” ಎಂದ ಓಂಪ್ರಕಾಶ್, ಫೋನಿನೊಳಗಿಂದ.

ಓಂಕಾರಪ್ಪನವರು ಗೋಡೆಗೆ ಒರಗುವವರಂತೆ ನಿಂತು, ಬೆನ್ನ ಹಿಂದೆ ಕೈಬಿಟ್ಟು ಬೊಟ್ಟನ್ನು ಉಗುರಿನಿಂದ ಕೆರೆಯತೊಡಗಿದರು. ಅಮೆರಿಕದ ಅಂಟಾಗಿದ್ದರೆ ಬರುತ್ತಿತ್ತೇನೋ. ಇದು ದಾವಣಗೆರೆಯಿಂದ ತಂದದ್ದು. ಅಷ್ಟರಲ್ಲಿ ಡೊಲೊರೆಸ್ ಬಂದು, ಮಾರಿದ ಕೃತಿಗೆ ಒರಗಬಾರದೆಂದು ಪ್ರೀತಿಯಿಂದ ಅವರನ್ನು ಪಕ್ಕಕ್ಕೆ ಸರಿಸಿದರು. ಯುವತಿ ಯಾರಿಗೋ ಫೋನು ಮಾಡಿದಳು, ಆ ಕಡೆ ಎತ್ತಲಿಲ್ಲ. ಸ್ವಲ್ಪ ಯೋಚಿಸಿ ಪುಸ್ತಕದಲ್ಲಿ ವಂದನಾ ಎಂದು ಹೆಸರು ಬರೆದು ಹುಂಜವನ್ನು ಕೊಂಡಳು.

ನಾಲ್ಕಕ್ಕೆ ಸರಿಯಾಗಿ ಬಂದ ಚೆನ್ನಮ್ಮನವರು ಚುಕ್ಕೆಯನ್ನು ನೋಡಿದರು. ಮೊದಲು ನಕ್ಕರು. ಆಮೇಲೆ ಹತ್ತಿರ ಹೋದರು. ಒಂದೇ ಏಟಿಗೆ ಕಿತ್ತು ಹಣೆಗೆ ಇಟ್ಟುಕೊಂಡರು.

“ಇದು ನಂದು.”

ನಂಜುಂಡಪ್ಪ ಮೆಲ್ಲಗೆ ಫೋನು ಆರಿಸಿದರು.

ಗಂಡ ಹೆಂಡತಿ ಎಮ್ಮೆಯನ್ನು ಹೊತ್ತು ಪಾರ್ಕಿಂಗಿಗೆ ಬಂದರೆ, ಅವರದೇ ವ್ಯಾನಿನ ಪಕ್ಕ ವಂದನಾ ನಿಂತಿದ್ದಳು. ಜೊತೆಗೆ ಹುಂಜ.

“ಸಾರಿ ಆಂಟಿ. ನೀವ್ ಹೇಳಿದ್ ಎಮ್ಮೆ ಹೋಗ್ಬಿಟ್ಟಿತ್ತು. ಬರಿಗೈಲಿ ಬರ್ಬೇಡ ಅಂದಿದ್ರಲ್ಲ, ಅದಕ್ಕೆ ಪಕ್ಕದ್ದು ತಗೊಂಡೆ. ವಾಪಸ್ ತಗೊಳಲ್ವಂತೆ.”

ಓಂಕಾರಪ್ಪನವರು ಹೆಂಡತಿಯನ್ನು ನೋಡಿದರು. ಚೆನ್ನಮ್ಮನವರು ಹುಂಜವನ್ನು ನೋಡುತ್ತಿದ್ದರು.

“ನಾನೇ ಕಳ್ಸಿದ್ದು. ನಮ್ ಯೋಗ ಕ್ಲಾಸಿನ ಹುಡುಗಿ” ಎಂದರು ಕೊನೆಗೆ. “ಗ್ಯಾಲರಿ, ಬ್ರಶ್ಶು ಬಿಟ್ಬಿಟ್ರೆ ನೀವು ಇಡೀ ದಿನ ಅಡುಗೆಮನೇಲಿ ನಿಂತು ಒಗ್ಗರಣೆಗೆ ಕೆಮಿಸ್ಟ್ರಿ ಹೇಳ್ತೀರಿ. ಎಮ್ಮೆ ಹೋದ್ರೆ ನಾನು ಉಳಕೊಳ್ತೀನಿ ಅನ್ಕೊಂಡಿದ್ದೆ.”

“ಹಾಗಾದ್ರೆ ಸ್ಟ್ಯಾಂಡು...”

“ಇದನ್ನ ಎಲ್ಲಿಡೋದು ಮತ್ತೆ?”

ಹುಂಜ ಹಿಡಿಸುವ ಜಾಗ ಮನೆಯಲ್ಲಿ ಒಂದೇ ಇತ್ತು. ಎಮ್ಮೆ ಗರಾಜಿನಲ್ಲಿ ಸ್ಟ್ಯಾಂಡಿಗೆ ಒರಗಿ ಗೋಡೆ ನೋಡುತ್ತಿದೆ. ಕಿಟಕಿಯ ಬಿಸಿಲಿನಲ್ಲಿ ಹುಂಜ, ಅದರ ಬೆನ್ನ ಮೇಲೆ ಕರಿಬೇವಿನ ಕುಂಡ. ಅಡುಗೆಮನೆಯಿಂದ ಸಾಸಿವೆ ಎಷ್ಟು ಡಿಗ್ರಿಗೆ ಸಿಡಿಯುತ್ತದೆ ಎಂಬ ಪಾಠ ಕೇಳಿಬರುತ್ತದೆ. ಅದನ್ನು ತಾಳಲಾರದೆ ಚೆನ್ನಮ್ಮನವರು ಮುಖ ತೊಳೆಯಲು ಎದ್ದು ಹೋಗುತ್ತಾರೆ, ಹೋಗುವಾಗ ಹಣೆಯ ಬೊಟ್ಟನ್ನು ಹುಂಜದ ಎದೆಗೆ ಅಂಟಿಸಿ.